ಕ್ರಿಸ್ಪರ್ ಬಂದ ಮೇಲೂ ಹೋಮಿಂಗ್ ಎಂಡೋನ್ಯೂಕ್ಲಿಯೇಸ್‌ಗಳನ್ನು ಓದಬೇಕೇ? ಬ್ಯಾರಿ ಸ್ಟಾಡರ್ಡ್ ಅವರ ಸಂಶೋಧನೆಯ ಕುರಿತು ಚರ್ಚೆ

ಹಾಸನದ ಉಪನ್ಯಾಸಕಿ:
ಎಂ.ಎಸ್ಸಿ. ಜೀವರಸಾಯನ ವಿಜ್ಞಾನದ ತರಗತಿಗೆ ಡಿಎನ್ಎ ಕತ್ತರಿಸುವ ಕಿಣ್ವಗಳ ಪಾಠವನ್ನು ಹೊಸದಾಗಿ ಸಿದ್ಧಪಡಿಸುತ್ತಿದ್ದೇನೆ. ಹ್ಯಾಮಿಲ್ಟನ್ ಸ್ಮಿತ್ ಅವರು 1970ರಲ್ಲಿ ವರದಿ ಮಾಡಿದ ರಿಸ್ಟ್ರಿಕ್ಷನ್ ಕಿಣ್ವ, ಅದಕ್ಕೆ ವರ್ನರ್ ಆರ್ಬರ್ ಮತ್ತು ಡೇನಿಯಲ್ ನೇಥನ್ಸ್ ಅವರ ಜೊತೆ ಸಿಕ್ಕ 1978ರ ನೊಬೆಲ್, ಕೊನೆಯಲ್ಲಿ ಆರ್‌ಎನ್‌ಎ ತೋರಿಸಿದ ಜಾಗದಲ್ಲಿ ಡಿಎನ್ಎ ಕತ್ತರಿಸುವ ಕ್ರಿಸ್ಪರ್, ಹೀಗೆ ಪಾಠದ ಎರಡು ತುದಿಗಳು ಸುಲಭವಾಗಿ ಕೂಡಿಬರುತ್ತವೆ. ತೊಡಕಿರುವುದು ನಡುವಿನ ಭಾಗದಲ್ಲಿ. ಸಿಯಾಟಲ್‌ನ ಫ್ರೆಡ್ ಹಚಿನ್ಸನ್ ಕ್ಯಾನ್ಸರ್ ಕೇಂದ್ರದಲ್ಲಿ ಬ್ಯಾರಿ ಸ್ಟಾಡರ್ಡ್ ಮತ್ತು ಅವರ ಸಹೋದ್ಯೋಗಿಗಳು ಹೋಮಿಂಗ್ ಎಂಡೋನ್ಯೂಕ್ಲಿಯೇಸ್‌ಗಳ (ಉದ್ದದ ಡಿಎನ್ಎ ಸರಣಿಯನ್ನು ಗುರುತಿಸಿ ಕತ್ತರಿಸುವ ಕಿಣ್ವಗಳ) ರಚನೆಯನ್ನು ಬಿಡಿಸಿ, ಅವು ಬೇರೆ ಡಿಎನ್ಎ ಸರಣಿಯನ್ನು ಗುರುತಿಸುವಂತೆ ಮರುವಿನ್ಯಾಸ ಮಾಡಲು ವರ್ಷಾನುಗಟ್ಟಲೆ ದುಡಿದಿದ್ದಾರೆ. ಇದನ್ನು ಹೇಳಿದಾಗ ಒಬ್ಬ ವಿದ್ಯಾರ್ಥಿನಿ, "ಇಪ್ಪತ್ತು ಅಕ್ಷರಗಳ ಆರ್‌ಎನ್‌ಎ ಬದಲಿಸಿದರೆ ಕ್ರಿಸ್ಪರ್ ಎಲ್ಲಿ ಬೇಕಾದರೂ ಕತ್ತರಿಸುತ್ತದೆ ಎಂದಾದರೆ, ಪ್ರೋಟೀನನ್ನೇ ಬದಲಿಸುವ ಆ ಕಷ್ಟದ ದಾರಿಯನ್ನು ನಾವು ಈಗ ಯಾಕೆ ಓದಬೇಕು?" ಎಂದು ಕೇಳಿದಳು. ಪ್ರಶ್ನೆ ನ್ಯಾಯವಾದದ್ದು. ಇತಿಹಾಸಕ್ಕಾಗಿ ಓದಬೇಕು ಎಂಬ ಉತ್ತರ ನನಗೇ ಸಾಲದು ಅನ್ನಿಸುತ್ತಿದೆ. ಇಲ್ಲಿರುವವರು ಏನು ಹೇಳುತ್ತೀರಿ?

ಕರಾವಳಿಯ ಓದುಗ:
ಪಠ್ಯದಿಂದ ತೆಗೆಯಬೇಡಿ ಮೇಡಂ. ಒಂದು ಪ್ರೋಟೀನು ಡಿಎನ್ಎಯನ್ನು ಹೇಗೆ ಓದುತ್ತದೆ ಎಂಬುದನ್ನು ಕಲಿಸಲು ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಇಲ್ಲ.

ಬಯೋಟೆಕ್ ಉದ್ಯೋಗಿ, ಬೆಂಗಳೂರು:
ನಿಮ್ಮ ವಿದ್ಯಾರ್ಥಿನಿಯ ಮಾತನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಕೆಲಸದ ಸ್ಥಳದಲ್ಲಿ ಹೊಸ ಗುರಿ ಬೇಕೆಂದರೆ ಮಾರ್ಗದರ್ಶಿ ಆರ್‌ಎನ್‌ಎಯನ್ನು ಆರ್ಡರ್ ಮಾಡುತ್ತೇವೆ, ಕೆಲವೇ ದಿನಗಳಲ್ಲಿ ಬರುತ್ತದೆ. ಮೆಗಾನ್ಯೂಕ್ಲಿಯೇಸ್ (ಹೋಮಿಂಗ್ ಎಂಡೋನ್ಯೂಕ್ಲಿಯೇಸ್‌ಗೆ ಇನ್ನೊಂದು ಹೆಸರು) ಆದರೆ ಪ್ರತಿ ಗುರಿಗೂ ಒಂದು ಹೊಸ ಪ್ರೋಟೀನನ್ನೇ ರೂಪಿಸಬೇಕು, ಪರೀಕ್ಷಿಸಬೇಕು, ಸೋಲಬೇಕು, ಮತ್ತೆ ರೂಪಿಸಬೇಕು. ಕ್ರಿಸ್ಪರ್ ಆಧಾರಿತ ಕ್ಯಾಸ್‌ಜೆವಿ ಚಿಕಿತ್ಸೆಗೆ 2023ರ ನವೆಂಬರ್‌ನಲ್ಲಿ ಬ್ರಿಟನ್ ಒಪ್ಪಿಗೆ ಕೊಟ್ಟಿತು, ಮರುತಿಂಗಳೇ ಅಮೆರಿಕವೂ ಕೊಟ್ಟಿತು. ಪಾಠದ ಅವಧಿ ಸೀಮಿತವಾಗಿರುವಾಗ ಗೆದ್ದ ದಾರಿಯನ್ನು ಕಲಿಸುವುದು ಮೇಲು.

ಹರಳು ವಿಜ್ಞಾನದ ಹಳೆಯ ವಿದ್ಯಾರ್ಥಿ:
ಯಾವುದು ಗೆದ್ದಿತು ಎಂಬುದಕ್ಕಿಂತ ಯಾವುದು ಏನನ್ನು ಕಲಿಸಿತು ಎಂಬುದು ತರಗತಿಗೆ ಮುಖ್ಯ. ಐ-ಕ್ರೀ-ಒನ್ ಎಂಬ ಕಿಣ್ವವನ್ನೇ ನೋಡಿ. ಕ್ಲಾಮಿಡೊಮೊನಾಸ್ ಎಂಬ ಹಸಿರು ಪಾಚಿಯ ಕ್ಲೋರೋಪ್ಲಾಸ್ಟ್‌ನಲ್ಲಿ, ರೈಬೋಸೋಮಿನ ಆರ್‌ಎನ್‌ಎ ಜೀನ್‌ನೊಳಗಿನ ಇಂಟ್ರಾನ್ (ಜೀನ್‌ನ ನಡುವೆ ಸೇರಿಕೊಂಡಿರುವ, ಆರ್‌ಎನ್‌ಎ ಹಂತದಲ್ಲಿ ಕತ್ತರಿಸಿಹೋಗುವ ತುಂಡು) ಒಂದರಲ್ಲಿ ಇದರ ಸಂಕೇತವಿದೆ. ಸ್ಟಾಡರ್ಡ್ ಮತ್ತು ರೇಮಂಡ್ ಮೊನಾಟ್ ಅವರ ತಂಡಗಳು 1997ರಲ್ಲಿ ಇದರ ಸ್ಫಟಿಕ ರಚನೆಯನ್ನೂ, 1998ರಲ್ಲಿ ಡಿಎನ್ಎಗೆ ಅಂಟಿಕೊಂಡ ಸ್ಥಿತಿಯ ರಚನೆಯನ್ನೂ ಪ್ರಕಟಿಸಿದವು. ತಲಾ 163 ಅಮೈನೋ ಆಮ್ಲಗಳ ಎರಡು ಪ್ರತಿಗಳು ಜೋಡಿಯಾಗಿ, ಕುದುರೆಯ ಬೆನ್ನಿಗೆ ಹಾಕಿದ ತಡಿಯಂತೆ ಡಿಎನ್ಎಯ ಮೇಲೆ ಕೂರುತ್ತವೆ. ಎರಡೂ ಕಡೆಯ ಬೀಟಾ ಹಾಳೆಗಳು ಡಿಎನ್ಎಯ ದೊಡ್ಡ ತೋಡಿನೊಳಗೆ ಇಳಿದು 22 ಬೇಸ್ ಜೋಡಿಗಳ ಉದ್ದಕ್ಕೂ ಸಂಪರ್ಕ ಸಾಧಿಸುತ್ತವೆ. ಎರಡು ಪ್ರತಿಗಳು ಸೇರುವ ಜಾಗದಲ್ಲಿ ಅಕ್ಕಪಕ್ಕದಲ್ಲೇ ಇರುವ ಎರಡು ಹೆಲಿಕ್ಸ್‌ಗಳ ತುದಿಯ ಆಮ್ಲೀಯ ಅಮೈನೋ ಆಮ್ಲಗಳು ಲೋಹದ ಅಯಾನುಗಳನ್ನು ಹಿಡಿದುಕೊಂಡು ಎರಡೂ ಎಳೆಗಳನ್ನು ಕತ್ತರಿಸುತ್ತವೆ, ಕತ್ತರಿಸಿದ ಮೇಲೆ ನಾಲ್ಕು ಬೇಸ್‌ಗಳ 3' ತುದಿಗಳು ಹೊರಚಾಚಿ ಉಳಿಯುತ್ತವೆ. ಗುರುತಿಸುವುದು, ಬಾಗಿಸುವುದು, ಕತ್ತರಿಸುವುದು ಈ ಮೂರೂ ಇಷ್ಟು ಚಿಕ್ಕ ಪ್ರೋಟೀನಿನಲ್ಲಿ ಒಂದಕ್ಕೊಂದು ಹೆಣೆದುಕೊಂಡಿವೆ. ಅದರ ಸೊಗಸೂ ಮರುವಿನ್ಯಾಸದ ಕಷ್ಟವೂ ಹುಟ್ಟುವುದು ಇಲ್ಲಿಂದಲೇ.

ಎರಡನೇ ಸೆಮಿಸ್ಟರ್:
ನನಗೆ ಮೂಲದಲ್ಲೇ ಒಂದು ಸಂದೇಹವಿದೆ. ಬ್ಯಾಕ್ಟೀರಿಯಾಗಳು ರಿಸ್ಟ್ರಿಕ್ಷನ್ ಕಿಣ್ವಗಳನ್ನು ವೈರಸ್‌ಗಳ ವಿರುದ್ಧ ರಕ್ಷಣೆಗೆ ಇಟ್ಟುಕೊಂಡಿವೆ ಎಂದು ಓದಿದ್ದೇನೆ. ಪಾಚಿಗೂ ಯೀಸ್ಟಿಗೂ ತಮ್ಮದೇ ಡಿಎನ್ಎಯನ್ನು ಕತ್ತರಿಸುವ ಕಿಣ್ವ ಯಾಕೆ ಬೇಕು?

ಮೈಸೂರಿನ ಜೀವವಿಕಾಸ ಆಸಕ್ತ:
ಅದು ಪಾಚಿಗೆ ಬೇಕಾಗಿದ್ದಲ್ಲ, ಆ ಇಂಟ್ರಾನ್‌ಗೆ ಬೇಕಾಗಿದ್ದು. ಇಂಟ್ರಾನ್ ಇಲ್ಲದ ಪ್ರತಿಯೊಂದು ಎದುರಾದಾಗ ಈ ಕಿಣ್ವ ಅದನ್ನು ನಿರ್ದಿಷ್ಟ ಜಾಗದಲ್ಲಿ ಕತ್ತರಿಸುತ್ತದೆ, ಕೋಶವು ಆ ಕಡಿತವನ್ನು ರಿಪೇರಿ ಮಾಡಲು ಇಂಟ್ರಾನ್ ಇರುವ ಪ್ರತಿಯನ್ನೇ ಮಾದರಿಯಾಗಿ ಬಳಸುತ್ತದೆ, ಹೀಗೆ ಇಂಟ್ರಾನ್ ಹೊಸ ಜಾಗಕ್ಕೆ ನಕಲಾಗುತ್ತದೆ. ಇಂಟ್ರಾನ್ ಈಗಾಗಲೇ ಕೂತಿರುವ ಕಡೆ ಗುರುತಿನ ಸರಣಿ ನಡುವೆ ಒಡೆದಿರುವುದರಿಂದ ಕಿಣ್ವ ಅಲ್ಲಿ ಕೆಲಸ ಮಾಡುವುದಿಲ್ಲ. ಯೀಸ್ಟಿನ ಮೈಟೊಕಾಂಡ್ರಿಯಾದಲ್ಲಿ "ಒಮೇಗ" ಎಂಬ ಗುರುತು ಎಲ್ಲ ಸಂತತಿಗೂ ಹೋಗುತ್ತಿದ್ದ ವಿಚಿತ್ರ ಆನುವಂಶಿಕತೆಯನ್ನು ಬೆನ್ನುಹತ್ತಿದ ಫ್ರಾನ್ಸಿನ ಬರ್ನಾರ್ ದ್ಯೂಜೋನ್ ಮತ್ತು ಸಹೋದ್ಯೋಗಿಗಳು, ಇಂಟ್ರಾನಿನ ಪ್ರೋಟೀನೇ ಇದಕ್ಕೆ ಕಾರಣ ಎಂದು 1985ರಲ್ಲಿ ತೋರಿಸಿದರು. 18 ಬೇಸ್ ಜೋಡಿಗಳನ್ನು ಗುರುತಿಸುವ ಆ ಕಿಣ್ವವೇ ಐ-ಎಸ್‌ಸಿಇ-ಒನ್.

ಬಯೋಟೆಕ್ ಉದ್ಯೋಗಿಯವರಿಗೆ ಒಂದು ಮಾತು. ಕ್ರಿಸ್ಪರ್ ಗೆದ್ದಿತು ಎನ್ನುತ್ತೀರಿ, ಆದರೆ ಕ್ರಿಸ್ಪರ್ ಮಾಡುವುದು ಕತ್ತರಿಸುವ ಕೆಲಸವನ್ನು ಮಾತ್ರ, ಆಮೇಲೆ ರಿಪೇರಿ ಮಾಡುವುದು ಕೋಶ. ಇಲಿಯ ಕೋಶಗಳಲ್ಲಿ ಒಂದು ಜಾಗದಲ್ಲಿ ಎರಡೂ ಎಳೆಗಳನ್ನು ಕತ್ತರಿಸಿದರೆ ಅಲ್ಲಿ ಸಮರೂಪ ಮರುಸಂಯೋಜನೆ (ಹೋಲುವ ಸರಣಿಯನ್ನು ಮಾದರಿಯಾಗಿಟ್ಟು ನಡೆಯುವ ರಿಪೇರಿ) ಬಹಳಷ್ಟು ಹೆಚ್ಚುತ್ತದೆ ಎಂದು ಮರಿಯಾ ಜೇಸಿನ್ ಅವರ ಪ್ರಯೋಗಾಲಯ 1994ರಲ್ಲಿ ತೋರಿಸಿದ್ದು ಇದೇ ಐ-ಎಸ್‌ಸಿಇ-ಒನ್ ಬಳಸಿ. ಜೀನೋಮ್ ಎಡಿಟಿಂಗ್ ಎಂಬ ಕಲ್ಪನೆಯೇ ಈ ಪ್ರಯೋಗದ ಮೇಲೆ ನಿಂತಿದೆ.

ಬಯೋಟೆಕ್ ಉದ್ಯೋಗಿ, ಬೆಂಗಳೂರು:
ಜೇಸಿನ್ ಅವರ ಪ್ರಯೋಗದ ಮಹತ್ವವನ್ನು ನಾನು ಪ್ರಶ್ನಿಸುತ್ತಿಲ್ಲ. ಅಲ್ಲಿ ಬಳಸಿದ್ದು ನಿಸರ್ಗ ಕೊಟ್ಟ ಕಿಣ್ವ, ಅದಕ್ಕೆ ಬೇಕಾದ ಗುರಿಯನ್ನು ಕೋಶದೊಳಗೆ ಮೊದಲೇ ಸೇರಿಸಿಟ್ಟಿದ್ದರು. ನನ್ನ ಆಕ್ಷೇಪ ಇರುವುದು ವಿನ್ಯಾಸದ ಕಾರ್ಯಕ್ರಮದ ಬಗ್ಗೆ. ಐ-ಎಂಎಸ್‌ಒ-ಒನ್ ಎಂಬ ಕಿಣ್ವದ ಗುರಿಯಲ್ಲಿ ಒಂದೇ ಒಂದು ಬೇಸ್ ಜೋಡಿಯ ಬದಲಾವಣೆಗೆ ಹೊಂದುವಂತೆ ಪ್ರೋಟೀನನ್ನು ಮರುವಿನ್ಯಾಸ ಮಾಡಿದ್ದು 2006ರಲ್ಲಿ ನೇಚರ್ ಪತ್ರಿಕೆಯ ಲೇಖನವಾಯಿತು. ಒಂದು ಬೇಸ್ ಜೋಡಿಗೆ ಇಷ್ಟು ಶ್ರಮವಾದರೆ 22ಕ್ಕೆ ಎಷ್ಟು?

ತುಮಕೂರಿನ ಪಿಎಚ್.ಡಿ. ವಿದ್ಯಾರ್ಥಿ:
ಆ ಲೇಖನವನ್ನು ಹೀಗೆ ಅಳೆಯುವುದು ಸರಿಯಲ್ಲ. ಜಸ್ಟಿನ್ ಆಶ್‌ವರ್ತ್ ಮತ್ತು ಸಂಗಡಿಗರು, ಅವರಲ್ಲಿ ಸ್ಟಾಡರ್ಡ್, ಮೊನಾಟ್ ಮತ್ತು ಡೇವಿಡ್ ಬೇಕರ್ ಸೇರಿದ್ದಾರೆ, ಮಾಡಿದ್ದು ಪ್ರಯೋಗಾಲಯದಲ್ಲಿ ಸಾವಿರಾರು ರೂಪಾಂತರಗಳನ್ನು ಹುಟ್ಟಿಸಿ ಒಳ್ಳೆಯದನ್ನು ಆರಿಸಿಕೊಳ್ಳುವ ಕೆಲಸವಲ್ಲ. ಯಾವ ಅಮೈನೋ ಆಮ್ಲವನ್ನು ಬದಲಿಸಿದರೆ ಹೊಸ ಬೇಸ್ ಜೋಡಿಗೆ ಹೊಂದುತ್ತದೆ ಎಂದು ಕಂಪ್ಯೂಟರಿನಲ್ಲಿ ಭೌತಿಕ ಶಕ್ತಿಗಳ ಲೆಕ್ಕ ಹಾಕಿ ಮೊದಲೇ ಹೇಳಿದರು. ಹಾಗೆ ತಯಾರಿಸಿದ ಕಿಣ್ವ ಹೊಸ ಗುರಿಯನ್ನು ಮೂಲ ಕಿಣ್ವಕ್ಕಿಂತ ಸುಮಾರು 10,000 ಪಟ್ಟು ಪರಿಣಾಮಕಾರಿಯಾಗಿ ಕತ್ತರಿಸಿತು, ಹಳೆಯ ಗುರಿಯನ್ನು ದೂರವಿಡುವ ವಿವೇಚನೆಯೂ ಮೂಲ ಕಿಣ್ವದಷ್ಟೇ ಚೆನ್ನಾಗಿ ಉಳಿಯಿತು. ಪ್ರೋಟೀನಿಗೂ ಡಿಎನ್ಎಗೂ ನಡುವಿನ ಸಂಬಂಧವನ್ನು ನಾವು ನಿಜವಾಗಿ ಅರ್ಥಮಾಡಿಕೊಂಡಿದ್ದೇವೆಯೇ ಎಂಬುದರ ಪರೀಕ್ಷೆ ಅದು.

ಅದಕ್ಕೂ ಮೊದಲು 2002ರಲ್ಲಿ ಇದೇ ಗುಂಪು ಬೇರೆ ಬೇರೆ ಜೀವಿಗಳ ಎರಡು ಕಿಣ್ವಗಳ ಅರ್ಧಭಾಗಗಳನ್ನು ಸೇರಿಸಿ ಇ-ಡ್ರೀ-ಒನ್ ಎಂಬ ಕೃತಕ ಕಿಣ್ವವನ್ನು ಕಟ್ಟಿತು. ಒಂದು ಭಾಗ ಬಿಸಿನೀರಿನ ಬುಗ್ಗೆಯಂಥ ಪರಿಸರದ ಆರ್ಕಿಯಾದ ಐ-ಡಿಎಂಒ-ಒನ್‌ನಿಂದ ಬಂದದ್ದು, ಇನ್ನೊಂದು ಪಾಚಿಯ ಐ-ಕ್ರೀ-ಒನ್‌ನದು. ಎರಡರ ನಡುವಿನ ಮೇಲ್ಮೈಯನ್ನು ಕಂಪ್ಯೂಟರಿನಲ್ಲಿ ಮರುವಿನ್ಯಾಸ ಮಾಡದೆ ಇದ್ದಿದ್ದರೆ ಅವು ಒಟ್ಟಿಗೆ ನಿಲ್ಲುತ್ತಿರಲಿಲ್ಲ. ಹೊಸ ಕಿಣ್ವ ಎರಡೂ ಗುರಿಗಳ ಅರ್ಧರ್ಧ ಸೇರಿದ ಸರಣಿಯನ್ನು ಗುರುತಿಸಿ ಕತ್ತರಿಸಿತು.

ಕರಾವಳಿಯ ಓದುಗ:
ಇ-ಡ್ರೀ-ಒನ್ ವಿಷಯ ನನಗೆ ಹೊಸದು, ಧನ್ಯವಾದಗಳು.

ಗಣಿತದ ಮೇಷ್ಟ್ರು, ಧಾರವಾಡ:
ಉದ್ದದ ಗುರುತು ಯಾಕೆ ಮುಖ್ಯ ಎಂಬುದನ್ನು ತರಗತಿಯಲ್ಲಿ ಲೆಕ್ಕ ಹಾಕಿಯೇ ತೋರಿಸಬಹುದು. ಇಕೋ-ಆರ್-ಒನ್ ಎಂಬ ರಿಸ್ಟ್ರಿಕ್ಷನ್ ಕಿಣ್ವ ಗುರುತಿಸುವುದು ಆರು ಅಕ್ಷರಗಳನ್ನು. ನಾಲ್ಕರ ಆರನೇ ಘಾತ 4,096. ಆದ್ದರಿಂದ ಸುಮಾರು 320 ಕೋಟಿ ಬೇಸ್ ಜೋಡಿಗಳ ಮಾನವ ಜೀನೋಮ್‌ನಲ್ಲಿ ಅದಕ್ಕೆ 7 ಲಕ್ಷಕ್ಕೂ ಹೆಚ್ಚು ಜಾಗಗಳು ಸಿಗುವ ನಿರೀಕ್ಷೆಯಿದೆ. ನಾಲ್ಕರ 18ನೇ ಘಾತ ಸುಮಾರು 6,870 ಕೋಟಿ, ಅಂದರೆ ಐ-ಎಸ್‌ಸಿಇ-ಒನ್‌ಗೆ ಇಡೀ ಮಾನವ ಜೀನೋಮ್‌ನಲ್ಲಿ ಒಂದು ಜಾಗವೂ ಆಕಸ್ಮಿಕವಾಗಿ ಸಿಗಲಾರದು.

ಹರಳು ವಿಜ್ಞಾನದ ಹಳೆಯ ವಿದ್ಯಾರ್ಥಿ:
ಲೆಕ್ಕ ಸರಿ, ಆದರೆ ಅದರ ಹಿಂದಿನ ಊಹೆ ಈ ಕಿಣ್ವಗಳಿಗೆ ಪೂರ್ತಿಯಾಗಿ ಅನ್ವಯಿಸುವುದಿಲ್ಲ. ಇಕೋ-ಆರ್-ಒನ್ ತನ್ನ ಆರು ಅಕ್ಷರಗಳಲ್ಲಿ ಒಂದು ಬದಲಾದರೂ ಸಾಮಾನ್ಯ ಪರಿಸ್ಥಿತಿಯಲ್ಲಿ ಕತ್ತರಿಸುವುದಿಲ್ಲ. ಹೋಮಿಂಗ್ ಎಂಡೋನ್ಯೂಕ್ಲಿಯೇಸ್‌ಗಳು ಕೆಲವು ಸ್ಥಾನಗಳಲ್ಲಿ ಬದಲಾವಣೆಯನ್ನು ಸಹಿಸಿಕೊಳ್ಳುತ್ತವೆ, ಏಕೆಂದರೆ ಎಲ್ಲ ಬೇಸ್‌ಗಳ ಜೊತೆಗೂ ಅವುಗಳ ಸಂಪರ್ಕ ಒಂದೇ ಬಿಗಿಯಾಗಿಲ್ಲ. ಜೀವವಿಕಾಸದ ದೃಷ್ಟಿಯಲ್ಲಿ ಇದು ಇಂಟ್ರಾನ್‌ಗೆ ಅನುಕೂಲ, ಆತಿಥೇಯ ಜೀನ್‌ನಲ್ಲಿ ಸಣ್ಣ ವ್ಯತ್ಯಾಸವಾದರೂ ಅದು ಹರಡಬಲ್ಲದು. ನಿಜವಾದ ನಿಖರತೆ 4ರ 18ನೇ ಘಾತಕ್ಕಿಂತ ಕಡಿಮೆ, ಆರು ಅಕ್ಷರಗಳ ಕಿಣ್ವಕ್ಕಿಂತ ಬಹಳ ಹೆಚ್ಚು. ಲೆಕ್ಕವನ್ನು ತೋರಿಸಿ, ಜೊತೆಗೆ ಈ ತಿದ್ದುಪಡಿಯನ್ನೂ ತೋರಿಸಿ.

ಗಣಿತದ ಮೇಷ್ಟ್ರು, ಧಾರವಾಡ:
ಹಾಗಿದ್ದರೆ ಪ್ರತಿ ಸ್ಥಾನಕ್ಕೂ ಬೇರೆ ಬೇರೆ ತೂಕ ಕೊಟ್ಟು ಲೆಕ್ಕ ಹಾಕಬೇಕು. ಅದು ಇನ್ನೂ ಒಳ್ಳೆಯ ಅಭ್ಯಾಸವಾಗುತ್ತದೆ.

ಜಾನ್ಸ್ ಹಾಪ್‌ಕಿನ್ಸ್ ಹಳೆಯ ಓದುಗ:
ವಿನ್ಯಾಸದ ಇನ್ನೊಂದು ದಾರಿಯನ್ನು ಯಾರೂ ಎತ್ತಲಿಲ್ಲ. ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ಶ್ರೀನಿವಾಸನ್ ಚಂದ್ರಶೇಖರನ್ ಅವರು ಫಾಕ್-ಒನ್ ಎಂಬ ರಿಸ್ಟ್ರಿಕ್ಷನ್ ಕಿಣ್ವದಲ್ಲಿ ಗುರುತಿಸುವ ಭಾಗವೂ ಕತ್ತರಿಸುವ ಭಾಗವೂ ಬೇರೆ ಬೇರೆ ಎಂದು 1992ರಲ್ಲಿ ತೋರಿಸಿ, 1996ರಲ್ಲಿ ಕತ್ತರಿಸುವ ಭಾಗವನ್ನು ಜಿಂಕ್ ಫಿಂಗರ್‌ಗಳಿಗೆ ಜೋಡಿಸಿದರು. ಒಂದೊಂದು ಬೆರಳು ಸುಮಾರು ಮೂರು ಬೇಸ್ ಜೋಡಿಗಳನ್ನು ಗುರುತಿಸುತ್ತದೆ, ಬೆರಳುಗಳನ್ನು ಬದಲಿಸಿದರೆ ಗುರಿ ಬದಲಾಗುತ್ತದೆ. ಎರಡೂ ಕೆಲಸಗಳನ್ನು ಬೇರ್ಪಡಿಸಬಹುದಾದ ಕಿಣ್ವವನ್ನು ಆರಿಸಿಕೊಂಡದ್ದೇ ಆ ದಾರಿಯ ಜಾಣತನ. ಸ್ಟಾಡರ್ಡ್ ಅವರು ಆರಿಸಿಕೊಂಡ ಕುಟುಂಬದಲ್ಲಿ ಆ ಬೇರ್ಪಡಿಕೆ ಸಾಧ್ಯವಿಲ್ಲ. ಹೀಗಿರುವಾಗ ಆ ದಾರಿಯಲ್ಲಿ ಅಷ್ಟು ವರ್ಷ ಹೋದದ್ದು ಸರಿಯೇ?

ತುಮಕೂರಿನ ಪಿಎಚ್.ಡಿ. ವಿದ್ಯಾರ್ಥಿ:
ಬೇರ್ಪಡಿಸಲಾಗದಿರುವುದೇ ಇದರ ಗುಣ ಎಂದು ನಾನು ವಾದಿಸುತ್ತೇನೆ. ಫಾಕ್-ಒನ್‌ನ ಕತ್ತರಿಸುವ ಭಾಗಕ್ಕೆ ತನ್ನದೇ ಆದ ಸರಣಿ ವಿವೇಚನೆಯಿಲ್ಲ. ಎಲ್ಲಿಗೆ ಕರೆದೊಯ್ದರೆ ಅಲ್ಲಿ ಕತ್ತರಿಸುತ್ತದೆ. ಅದರ ಎರಡು ಪ್ರತಿಗಳು ಜೊತೆಗೂಡಿದರೆ ಮಾತ್ರ ಕತ್ತರಿಸುತ್ತದೆ ಎಂಬುದು 1998ರಲ್ಲಿ ತಿಳಿದ ಮೇಲೆ, ತಪ್ಪು ಜೋಡಿಗಳು ಕೂಡದಂತೆ ಆ ಮೇಲ್ಮೈಯನ್ನು ಮತ್ತೆ ವಿನ್ಯಾಸ ಮಾಡಬೇಕಾಯಿತು. ಹೋಮಿಂಗ್ ಎಂಡೋನ್ಯೂಕ್ಲಿಯೇಸ್‌ನಲ್ಲಾದರೋ ಅಂಟಿಕೊಂಡ ಮೇಲೂ ಡಿಎನ್ಎಯ ಮಧ್ಯಭಾಗ ಸರಿಯಾಗಿ ಬಾಗದಿದ್ದರೆ ಕತ್ತರಿಸುವಿಕೆ ನಡೆಯುವುದಿಲ್ಲ. ಈ ಎರಡನೇ ತಪಾಸಣೆಯನ್ನು ಬಿಟ್ಟುಕೊಡಲು ಯಾರು ಇಷ್ಟಪಡುತ್ತಾರೆ? ಕೊನೆಗೆ ಎರಡೂ ದಾರಿಗಳು ಕೂಡಿದವು. ಟಾಲ್ ಪ್ರೋಟೀನಿನ ಗುರುತಿಸುವ ತುಂಡುಗಳನ್ನು ಮೆಗಾನ್ಯೂಕ್ಲಿಯೇಸ್‌ಗೆ ಜೋಡಿಸಿದ ಮೆಗಾಟಾಲ್‌ಗಳು 2014ರಲ್ಲಿ ಪ್ರಕಟವಾದವು.

ವೈದ್ಯಕೀಯ ಸಂಶೋಧನೆಯಲ್ಲಿರುವವಳು, ಮಣಿಪಾಲ:
ಪ್ರಾಯೋಗಿಕವಾಗಿಯೂ ಈ ಕುಟುಂಬ ಸತ್ತಿಲ್ಲ. ಜೀನ್ ಚಿಕಿತ್ಸೆಯಲ್ಲಿ ಹೆಚ್ಚು ಬಳಸುವ ಎಎವಿ ವೈರಸ್ ವಾಹಕದೊಳಗೆ ಸುಮಾರು 4,700 ಬೇಸ್‌ಗಳಷ್ಟು ಡಿಎನ್ಎ ಮಾತ್ರ ಹಿಡಿಸುತ್ತದೆ. ಕ್ರಿಸ್ಪರ್‌ನಲ್ಲಿ ಕತ್ತರಿಸುವ ಕೆಲಸಕ್ಕೆ ಸಾಮಾನ್ಯವಾಗಿ ಬಳಸುವ ಕ್ಯಾಸ್9 ಪ್ರೋಟೀನಿನಲ್ಲಿ 1,368 ಅಮೈನೋ ಆಮ್ಲಗಳಿವೆ, ಅದರ ಜೀನ್ ಒಂದೇ 4,100 ಬೇಸ್‌ಗಳನ್ನು ತಿಂದುಬಿಡುತ್ತದೆ, ಪ್ರೊಮೋಟರಿಗೂ ಮಾರ್ಗದರ್ಶಿ ಆರ್‌ಎನ್‌ಎಗೂ ಜಾಗವೇ ಉಳಿಯುವುದಿಲ್ಲ. ಐ-ಕ್ರೀ-ಒನ್‌ನ ಎರಡು ಪ್ರತಿಗಳನ್ನು ಒಂದೇ ಸರಪಳಿಯಾಗಿ ಹೊಲಿದರೂ ಅದು ಕ್ಯಾಸ್9ನ ಮೂರನೇ ಒಂದು ಭಾಗವನ್ನೂ ಮುಟ್ಟುವುದಿಲ್ಲ. ಐ-ಕ್ರೀ-ಒನ್ ಮೂಲದ ಮೆಗಾನ್ಯೂಕ್ಲಿಯೇಸನ್ನು ಎಎವಿಯಲ್ಲಿ ಮಂಗಗಳ ಯಕೃತ್ತಿಗೆ ಕಳಿಸಿ ಪಿಸಿಎಸ್‌ಕೆ9 ಜೀನನ್ನು ಕೆಡಿಸಿದಾಗ ರಕ್ತದ ಕೊಲೆಸ್ಟರಾಲ್ ಸ್ಥಿರವಾಗಿ ಇಳಿದದ್ದನ್ನು 2018ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ತಂಡ ವರದಿ ಮಾಡಿದೆ.

ಬಯೋಟೆಕ್ ಉದ್ಯೋಗಿ, ಬೆಂಗಳೂರು:
ಗಾತ್ರದ ವಾದಕ್ಕೆ ತೂಕವಿದೆ. ಆದರೆ 1,053 ಅಮೈನೋ ಆಮ್ಲಗಳ ಚಿಕ್ಕ ಕ್ಯಾಸ್9 ಕೂಡ ಇದೆ, ಲಿಪಿಡ್ ನ್ಯಾನೋಕಣಗಳ ಮೂಲಕ ಎಂಆರ್‌ಎನ್‌ಎ ಕಳಿಸುವಾಗ ಎಎವಿಯ ಮಿತಿಯೇ ಅಡ್ಡಬರುವುದಿಲ್ಲ.

ಸೊಳ್ಳೆಗಳ ವಿಷಯದಲ್ಲೂ ಇದೇ ಕಥೆ. ಹೋಮಿಂಗ್ ಎಂಡೋನ್ಯೂಕ್ಲಿಯೇಸ್ ಬಳಸಿ ಕೀಟಗಳ ಸಂತತಿಯನ್ನು ನಿಯಂತ್ರಿಸಬಹುದೆಂದು ಆಸ್ಟಿನ್ ಬರ್ಟ್ 2003ರಲ್ಲಿ ಸೂಚಿಸಿದರು. 2011ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು ಐ-ಎಸ್‌ಸಿಇ-ಒನ್ ಮಲೇರಿಯಾ ಸೊಳ್ಳೆಯಲ್ಲಿ ಹರಡುವುದನ್ನು ತೋರಿಸಿದರೂ, ಗುರಿಯನ್ನು ಸೊಳ್ಳೆಯೊಳಗೆ ಮೊದಲೇ ಸೇರಿಸಬೇಕಾಯಿತು. ಪಂಜರದ ಸೊಳ್ಳೆ ಸಂತತಿಯನ್ನು ಪೂರ್ತಿಯಾಗಿ ಕುಸಿಯುವಂತೆ ಮಾಡಿದ್ದು 2018ರ ಕ್ರಿಸ್ಪರ್ ಪ್ರಯೋಗ.

ಮೈಸೂರಿನ ಜೀವವಿಕಾಸ ಆಸಕ್ತ:
ನಡುವಿನ 2014ನ್ನು ಬಿಟ್ಟಿರಿ. ಐ-ಪಿಪಿಒ-ಒನ್ ಎಂಬ ಕಿಣ್ವದ ಗುರಿ ಮಲೇರಿಯಾ ಸೊಳ್ಳೆಯ ಎಕ್ಸ್ ವರ್ಣತಂತುವಿನ ರೈಬೋಸೋಮ್ ಜೀನ್‌ಗಳಲ್ಲಿ ಸಹಜವಾಗಿಯೇ ಇದೆ. ವೀರ್ಯ ತಯಾರಾಗುವಾಗ ಎಕ್ಸ್ ವರ್ಣತಂತು ಕತ್ತರಿಸಿಹೋಗುವಂತೆ ಮಾಡಿದಾಗ ಹುಟ್ಟಿದ ಮರಿಗಳಲ್ಲಿ ಶೇ. 95ಕ್ಕೂ ಹೆಚ್ಚು ಗಂಡುಗಳಾದವು. ಆ ಕಿಣ್ವ ವೀರ್ಯದ ಮೂಲಕ ಭ್ರೂಣದವರೆಗೂ ಸಾಗಿ ಎಲ್ಲ ಮರಿಗಳನ್ನೂ ಕೊಲ್ಲದಿರಲಿ ಎಂದು ಅದರ ಸ್ಥಿರತೆಯನ್ನು ತಗ್ಗಿಸಿದ್ದರು. ಪ್ರೋಟೀನಿನ ರಚನೆ ತಿಳಿದಿದ್ದರೆ ಇಂಥ ಬದಲಾವಣೆಯನ್ನು ಯೋಚಿಸಿ ಮಾಡಬಹುದು, ಆ ರಚನೆಯನ್ನು 1998ರಲ್ಲಿ ಕೊಟ್ಟದ್ದೂ ಸ್ಟಾಡರ್ಡ್ ಮತ್ತು ಮೊನಾಟ್ ಅವರ ತಂಡಗಳೇ.

ಹರಳು ವಿಜ್ಞಾನದ ಹಳೆಯ ವಿದ್ಯಾರ್ಥಿ:
ಐ-ಪಿಪಿಒ-ಒನ್ ಹೆಸರು ಬಂದದ್ದು ಒಳ್ಳೆಯದಾಯಿತು. ಕ್ರಿಸ್ಪರ್ ಒಂದು ಕಡೆ, ಹಳೆಯ ಕಿಣ್ವಗಳು ಇನ್ನೊಂದು ಕಡೆ ಎಂಬ ವಿಂಗಡಣೆಯನ್ನು ಅದರ ರಚನೆ ಅಳಿಸಿಹಾಕುತ್ತದೆ. ಕ್ಯಾಸ್9 ಒಂದು ಎಳೆಯನ್ನು ರುವ್-ಸಿ ಎಂಬ ಭಾಗದಿಂದಲೂ ಇನ್ನೊಂದನ್ನು ಎಚ್‌ಎನ್‌ಎಚ್ ಎಂಬ ಭಾಗದಿಂದಲೂ ಕತ್ತರಿಸುತ್ತದೆ. ಎರಡು ಬೀಟಾ ಎಳೆಗಳು, ಒಂದು ಆಲ್ಫಾ ಹೆಲಿಕ್ಸ್ ಮತ್ತು ಅವುಗಳ ನಡುವೆ ಸಿಕ್ಕಿಕೊಂಡ ಒಂದು ಲೋಹದ ಅಯಾನು ಸೇರಿದ ಆ ಎಚ್‌ಎನ್‌ಎಚ್ ಕೇಂದ್ರದ ವಿನ್ಯಾಸವೇ ಐ-ಪಿಪಿಒ-ಒನ್‌ನ ಕತ್ತರಿಸುವ ಕೇಂದ್ರದಲ್ಲೂ ಇದೆ. ಕ್ಯಾಸ್9 ಪ್ರಸಿದ್ಧಿಗೆ ಬರುವ ಹತ್ತಕ್ಕೂ ಹೆಚ್ಚು ವರ್ಷ ಮೊದಲೇ, 1999ರಲ್ಲಿ, ಒಂದೇ ಲೋಹದ ಅಯಾನಿನಿಂದ ಈ ಕತ್ತರಿಸುವಿಕೆ ಹೇಗೆ ನಡೆಯುತ್ತದೆ ಎಂಬುದನ್ನು ಸ್ಟಾಡರ್ಡ್ ಅವರ ಪ್ರಯೋಗಾಲಯ ಸ್ಫಟಿಕದೊಳಗೆ ಹಂತಹಂತವಾಗಿ ಹಿಡಿದು ತೋರಿಸಿತ್ತು. ಗುರಿಯನ್ನು ಹುಡುಕಿಕೊಡುವುದು ಆರ್‌ಎನ್‌ಎ ಇರಬಹುದು, ಕತ್ತರಿಸುವ ರಸಾಯನಶಾಸ್ತ್ರ ಮಾತ್ರ ಅದೇ.

ಬಯೋಟೆಕ್ ಉದ್ಯೋಗಿ, ಬೆಂಗಳೂರು:
ಇದಕ್ಕೆ ನನ್ನಲ್ಲಿ ಎದುರುತ್ತರವಿಲ್ಲ. ಕತ್ತರಿಸುವ ಕೇಂದ್ರದ ರಸಾಯನಶಾಸ್ತ್ರವನ್ನು ಕಲಿಸಲೇಬೇಕು. ಗುರಿ ಬದಲಿಸಲು ಪ್ರೋಟೀನ್ ವಿನ್ಯಾಸವೇ ಅತ್ಯುತ್ತಮ ದಾರಿ ಎಂಬುದನ್ನು ಮಾತ್ರ ನಾನು ಈಗಲೂ ಒಪ್ಪುವುದಿಲ್ಲ.

ಭಾರತೀಯ ವಿಜ್ಞಾನ ಸಂಸ್ಥೆಯ ಹಳೆಯ ವಿದ್ಯಾರ್ಥಿನಿ:
ಎಚ್‌ಎನ್‌ಎಚ್ ಎಂದ ಕೂಡಲೇ ಬೆಂಗಳೂರಿನ ಕೆಲಸವನ್ನು ಹೇಳಲೇಬೇಕು. ಕೆಪಿಎನ್-ಒನ್ ಎಂಬ ರಿಸ್ಟ್ರಿಕ್ಷನ್ ಕಿಣ್ವವನ್ನು ನಮ್ಮಲ್ಲಿ ಬಹುತೇಕ ಎಲ್ಲ ಪ್ರಯೋಗಾಲಯಗಳೂ ಕೊಂಡು ಬಳಸುತ್ತವೆ. ಅದು ಎಚ್‌ಎನ್‌ಎಚ್ ಕುಟುಂಬಕ್ಕೆ ಸೇರಿದ್ದೆಂದು 2004ರಲ್ಲಿ ತೋರಿಸಿದ್ದು ಭಾರತೀಯ ವಿಜ್ಞಾನ ಸಂಸ್ಥೆಯ ವಿ. ನಾಗರಾಜ ಅವರ ತಂಡ, ಸಂಸ್ಥೆಯ ಡಿ.ಎನ್. ರಾವ್ ಮತ್ತು ಪೋಲೆಂಡಿನ ಸಹೋದ್ಯೋಗಿಗಳ ಜೊತೆಗೂಡಿ. ಈ ಕಿಣ್ವ ಮೆಗ್ನೀಸಿಯಂ ಇದ್ದಾಗ ತನ್ನ ಗುರಿಯನ್ನು ಹೋಲುವ ಬೇರೆ ಸರಣಿಗಳನ್ನೂ ಕತ್ತರಿಸುತ್ತದೆ, ಕ್ಯಾಲ್ಸಿಯಂ ಇದ್ದಾಗ ತನ್ನ ಗುರಿಯನ್ನು ಮಾತ್ರ ನಿಖರವಾಗಿ ಕತ್ತರಿಸುತ್ತದೆ. ಆಮೇಲೆ 2008ರಲ್ಲಿ ಒಂದೇ ಅಮೈನೋ ಆಮ್ಲವನ್ನು ಬದಲಿಸಿ ಈ ಕಿಣ್ವದ ನಿಖರತೆಯನ್ನು ಹೆಚ್ಚಿಸಬಹುದೆಂದು ಅವರು ತೋರಿಸಿದರು. 2012ರ ಇನ್ನೊಂದು ಲೇಖನದಲ್ಲಿ, ಈ ಸಡಿಲ ಕತ್ತರಿಸುವಿಕೆಯೇ ಬ್ಯಾಕ್ಟೀರಿಯಾಕ್ಕೆ ವೈರಸ್‌ಗಳ ವಿರುದ್ಧ ಅನುಕೂಲ ಒದಗಿಸುತ್ತದೆ ಎಂದು ತಿಳಿದುಬಂತು. ಹಾಸನದ ತರಗತಿಗೆ ಸಿಯಾಟಲ್ ಎಷ್ಟು ಹತ್ತಿರವೋ ಬೆಂಗಳೂರು ಅದಕ್ಕಿಂತ ಹತ್ತಿರ, ಇದನ್ನೂ ಪಾಠಕ್ಕೆ ಸೇರಿಸಿ ಎಂದು ಒತ್ತಾಯಿಸುತ್ತೇನೆ.

ಹಾಸನದ ಉಪನ್ಯಾಸಕಿ:
ಖಂಡಿತ ಸೇರಿಸುತ್ತೇನೆ. ಪ್ರೋಟೀನ್ ವಿನ್ಯಾಸದ ಭಾಗವನ್ನು ಎಲ್ಲಿಂದ ಶುರುಮಾಡಲಿ? ಡೇವಿಡ್ ಬೇಕರ್ ಅವರಿಗೆ 2024ರ ರಸಾಯನಶಾಸ್ತ್ರ ನೊಬೆಲ್ ಬಂದ ಮೇಲೆ ವಿದ್ಯಾರ್ಥಿಗಳಿಗೆ ಅದರ ಬಗ್ಗೆ ಕುತೂಹಲವಿದೆ, ಆದರೆ ಎಲ್ಲವನ್ನೂ ಕೃತಕ ಬುದ್ಧಿಮತ್ತೆ ಮಾಡಿಬಿಡುತ್ತದೆ ಎಂಬ ಭಾವನೆ ಅವರಲ್ಲಿ ಬಲವಾಗಿದೆ.

ತುಮಕೂರಿನ ಪಿಎಚ್.ಡಿ. ವಿದ್ಯಾರ್ಥಿ:
2003ರ ಟಾಪ್7ನಿಂದ ಶುರುಮಾಡಿ. ನಿಸರ್ಗದಲ್ಲಿ ಎಲ್ಲಿಯೂ ಕಾಣದ ಮಡಿಕೆಯಲ್ಲಿ ಮಡಿಸಿಕೊಳ್ಳುವಂತೆ ವಿನ್ಯಾಸಗೊಳಿಸಿದ 93 ಅಮೈನೋ ಆಮ್ಲಗಳ ಪ್ರೋಟೀನು ಅದು. ವಿನ್ಯಾಸಕ್ಕೂ ಸ್ಫಟಿಕ ರಚನೆಗೂ ನಡುವಿನ ವ್ಯತ್ಯಾಸ ಕೇವಲ 1.2 ಆಂಗ್‌ಸ್ಟ್ರಾಮ್. ಬ್ರಯಾನ್ ಕುಲ್ಮನ್ ಮತ್ತು ಬೇಕರ್ ಅವರ ಆ ಲೇಖನದ ಲೇಖಕರಲ್ಲಿ ಸ್ಟಾಡರ್ಡ್ ಕೂಡ ಒಬ್ಬರು ಎಂಬುದನ್ನು ವಿದ್ಯಾರ್ಥಿಗಳಿಗೆ ಹೇಳಿ. ಕಂಪ್ಯೂಟರ್ ಹೇಳಿದ್ದು ನಿಜವೇ ಎಂದು ತಿಳಿಯಲು ಯಾರಾದರೂ ಆ ಪ್ರೋಟೀನನ್ನು ತಯಾರಿಸಿ, ಹರಳುಗಟ್ಟಿಸಿ, ಎಕ್ಸ್-ಕಿರಣ ಹಾಯಿಸಿ ನೋಡಲೇಬೇಕಾಗಿತ್ತು. ಅಲ್ಲಿಂದ 2015ಕ್ಕೆ ಬನ್ನಿ. ಫಿಲಿಪ್ ಬ್ರಾಡ್ಲಿ ಮತ್ತು ಸ್ಟಾಡರ್ಡ್ ಅವರ ತಂಡ ಒಂದೇ ಹೆಲಿಕ್ಸ್ ಘಟಕವನ್ನು ಮತ್ತೆ ಮತ್ತೆ ಜೋಡಿಸಿ, ತುದಿಗಳು ಕೂಡಿ ಉಂಗುರವಾಗುವ ಪ್ರೋಟೀನುಗಳನ್ನು ವಿನ್ಯಾಸಗೊಳಿಸಿ, ಅವುಗಳ ಸ್ಫಟಿಕ ರಚನೆಯಿಂದಲೇ ಅದನ್ನು ಖಚಿತಪಡಿಸಿತು.

ಭಾರತೀಯ ವಿಜ್ಞಾನ ಸಂಸ್ಥೆಯ ಹಳೆಯ ವಿದ್ಯಾರ್ಥಿನಿ:
ಟಾಪ್7ಗೂ ಮೊದಲು ರಾಮಚಂದ್ರನ್ ನಕ್ಷೆ ಬರಬೇಕು. ಜಿ.ಎನ್. ರಾಮಚಂದ್ರನ್ ಅವರು ಮದ್ರಾಸಿನಲ್ಲಿದ್ದಾಗ 1963ರಲ್ಲಿ ಪ್ರಕಟಿಸಿದ ಆ ನಕ್ಷೆ, ಪ್ರೋಟೀನಿನ ಬೆನ್ನೆಲುಬಿನ ಎರಡು ಕೋನಗಳು ಯಾವ ಯಾವ ಬೆಲೆಗಳನ್ನು ತೆಗೆದುಕೊಳ್ಳಲು ಸಾಧ್ಯ ಎಂಬುದನ್ನು ತೋರಿಸುತ್ತದೆ. ಮುಂದೆ ಅವರೇ ಬೆಂಗಳೂರಿಗೆ ಬಂದು ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗ ಕಟ್ಟಿದರು. ವಿನ್ಯಾಸಗೊಳಿಸಿದ ಬೆನ್ನೆಲುಬು ಸಾಧುವೇ ಎಂದು ಪರೀಕ್ಷಿಸುವವರು ಇಂದಿಗೂ ಆ ನಕ್ಷೆಯನ್ನೇ ನೋಡುತ್ತಾರೆ.

ಹರಳು ವಿಜ್ಞಾನದ ಹಳೆಯ ವಿದ್ಯಾರ್ಥಿ:
ಕೃತಕ ಬುದ್ಧಿಮತ್ತೆಯ ಕುರಿತು ಒಂದು ಮಾತು. ಪ್ರೋಟೀನಿನ ರಚನೆಯನ್ನು ಊಹಿಸುವ ಆಲ್ಫಾಫೋಲ್ಡ್ ಕಲಿತದ್ದು 1971ರಲ್ಲಿ ಶುರುವಾದ ಪ್ರೋಟೀನ್ ಡೇಟಾ ಬ್ಯಾಂಕ್‌ನಲ್ಲಿರುವ ರಚನೆಗಳಿಂದ. ಅಲ್ಲಿ ಈಗ 2 ಲಕ್ಷಕ್ಕೂ ಹೆಚ್ಚು ರಚನೆಗಳಿವೆ, ಒಂದೊಂದನ್ನೂ ಯಾವುದೋ ಪ್ರಯೋಗಾಲಯ ಕಷ್ಟಪಟ್ಟು ಬಿಡಿಸಿದೆ. ವಿದ್ಯಾರ್ಥಿಗಳು ಆ ತಾಣವನ್ನು ತೆರೆದು 1ಕ್ಯೂವೈಎಸ್ ಎಂದು ಹುಡುಕಿದರೆ ಟಾಪ್7 ಸಿಗುತ್ತದೆ. 1ಜಿ9ವೈ ಎಂದರೆ ಕ್ಯಾಲ್ಸಿಯಂ ಇರುವಾಗ ಡಿಎನ್ಎಗೆ ಅಂಟಿಕೊಂಡು, ಇನ್ನೂ ಕತ್ತರಿಸದೆ ನಿಂತಿರುವ ಐ-ಕ್ರೀ-ಒನ್ ಸಿಗುತ್ತದೆ. 1ಜಿ9ಜೆಡ್ ಎಂದರೆ ಮೆಗ್ನೀಸಿಯಂ ಇರುವಾಗ ಕತ್ತರಿಸಿ ಮುಗಿದ ಮೇಲಿನ ಸ್ಥಿತಿ ಸಿಗುತ್ತದೆ. ಎರಡನ್ನೂ ಒಂದರ ಮೇಲೊಂದು ಇಟ್ಟು, ಲೋಹದ ಅಯಾನುಗಳ ಸುತ್ತ ಏನು ಬದಲಾಗಿದೆ ಎಂದು ಬರೆಯಲು ಹೇಳಿ.

ಎರಡನೇ ಸೆಮಿಸ್ಟರ್:
ಸ್ವಲ್ಪ ತಡೆಯಿರಿ. ಐ-ಕ್ರೀ-ಒನ್ ಕ್ಯಾಲ್ಸಿಯಂ ಇದ್ದರೆ ಕತ್ತರಿಸದೆ ನಿಲ್ಲುತ್ತದೆ ಎಂದಿರಿ. ಕೆಪಿಎನ್-ಒನ್ ಕ್ಯಾಲ್ಸಿಯಂ ಇದ್ದರೆ ಇನ್ನೂ ನಿಖರವಾಗಿ ಕತ್ತರಿಸುತ್ತದೆ ಎಂದು ಮೇಲೆ ಬಂದಿದೆ. ಎರಡೂ ಹೇಗೆ ಸರಿಯಾಗುತ್ತವೆ?

ಭಾರತೀಯ ವಿಜ್ಞಾನ ಸಂಸ್ಥೆಯ ಹಳೆಯ ವಿದ್ಯಾರ್ಥಿನಿ:
ಎರಡೂ ಸರಿ. ಹೆಚ್ಚಿನ ರಿಸ್ಟ್ರಿಕ್ಷನ್ ಕಿಣ್ವಗಳಲ್ಲೂ ಕ್ಯಾಲ್ಸಿಯಂ ಅಂಟಿಕೊಳ್ಳಲು ನೆರವಾಗುತ್ತದೆ, ಕತ್ತರಿಸಲು ಬಿಡುವುದಿಲ್ಲ. ಅದಕ್ಕಾಗಿಯೇ ಹರಳು ವಿಜ್ಞಾನಿಗಳು ಕ್ರಿಯೆಯನ್ನು ನಡುವೆ ತಡೆದು ನಿಲ್ಲಿಸಲು ಅದನ್ನು ಬಳಸುತ್ತಾರೆ. ಕೆಪಿಎನ್-ಒನ್ ಅದಕ್ಕೆ ಅಪವಾದವಾದದ್ದರಿಂದಲೇ ಆ ಲೇಖನ ಗಮನ ಸೆಳೆಯಿತು. ಎರಡೂ ಕಿಣ್ವಗಳ ಕತ್ತರಿಸುವ ಕೇಂದ್ರಗಳು ಬೇರೆ ಬೇರೆ ಕುಟುಂಬದವು, ಲೋಹವನ್ನು ಹಿಡಿಯುವ ಅಮೈನೋ ಆಮ್ಲಗಳೂ ಅವುಗಳ ಜೋಡಣೆಯೂ ಬೇರೆ. ನೀವು 1ಜಿ9ವೈ ತೆರೆದು ಕ್ಯಾಲ್ಸಿಯಂ ಸುತ್ತಲಿನ ಆಮ್ಲಜನಕ ಪರಮಾಣುಗಳನ್ನು ಎಣಿಸಿ, ಅವು ಯಾವ ಅಮೈನೋ ಆಮ್ಲದವು, ಯಾವುವು ಡಿಎನ್ಎಯವು ಎಂದು ಗುರುತಿಸಿ ಇಲ್ಲಿ ಹಾಕಿ. ಅಲ್ಲಿಂದ ಮುಂದಕ್ಕೆ ಮಾತಾಡೋಣ.